ಅಟ್ಟದ ಮೇಲಿನ ನೂರೊಂದು ಸಜ್ಜೆ ರೊಟ್ಟಿ

ಸೆಲ್ಲಾರಿನ ಹಾಲ್‌ನಲ್ಲಿ ಗ್ಯಾಸ್ ಹಚ್ಚುವಂತಿಲ್ಲ ಎಂದು ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಹೇಳಿದ್ದು ಬುಧವಾರ. ಮಂಗಲ ಇದ್ದದ್ದು ಮುಂದಿನ ಸೋಮವಾರ. ಶ್ರಾವಣದ ಸೋಮವಾರಗಳಲ್ಲೆಲ್ಲ ಆ ಹಾಲ್‌ನಲ್ಲಿ ನಮ್ಮ ಪುರಾಣ ಪ್ರವಚನ ನಡೆದಿತ್ತು. ಕೊನೆಯ ಸೋಮವಾರ ಪೂಜೆ, ಪ್ರವಚನ, ಆಮೇಲೆ ದಾಸೋಹದ ಊಟ. ಅದಕ್ಕೇ ಮಂಗಲ ಎನ್ನುವುದು. ನೂರೈವತ್ತು ಮಂದಿಗೆ ಬಿಸಿ ರೊಟ್ಟಿ ಹಾಕಿಸುವುದೆಂದು ರೊಟ್ಟಿ ಬಡಿಯುವ ನಾಲ್ವರು ಹೆಂಗಸರನ್ನೂ ಗೊತ್ತು ಮಾಡಿ ಕುಳಿತಿದ್ದೆ.

"ಸಿಲಿಂಡರ್ ವದ್ದು ಮೇಡಂಗಾರು. ಕಿಂದ ಕಾರ್ ಪಾರ್ಕಿಂಗ್ ಉಂದಿ ಕದಾ," ಎಂದರು ಸೆಕ್ರೆಟರಿ ತೆಲುಗಿನಲ್ಲಿ. ಕಾರು ನಿಲ್ಲುವ ಜಾಗದಲ್ಲಿ ಬೆಂಕಿ ಬೇಡ ಎನ್ನುವುದು ನ್ಯಾಯವಾದ ಮಾತೇ. ಅದರ ಜೊತೆಗೆ ಇನ್ನೂ ಮೂರು ಕರಾರು ಹೇಳಿದರು. ನಾಲ್ಕಕ್ಕೆ ಎರಡನೇ ಮಹಡಿಯವರ ಮಗಳ ಸೀಮಂತ ಇದೆ, ಮೂರಕ್ಕೆ ಹಾಲ್ ಗುಡಿಸಿ ಬಿಡಬೇಕು. ಲಿಫ್ಟಿನಲ್ಲಿ ಅಡುಗೆಯ ಪಾತ್ರೆ ಒಯ್ಯಬಾರದು. ಮೊದಲ ಮಹಡಿಯಲ್ಲಿ ಅಮೀರ್‌ಪೇಟ್ ಕೋಚಿಂಗ್‌ಗೆ ಹೋಗುವ ಹುಡುಗಿಗೆ ಪರೀಕ್ಷೆ ಇದೆ, ಮೈಕ್ ಸಣ್ಣಗಿರಬೇಕು. ಎಲ್ಲಕ್ಕೂ ಹೂಂ ಎಂದು ಬಂದೆ.

ಲಿಂಗಂಪಲ್ಲಿ ಸ್ಟೇಷನ್ನಿನ ಆಚೆಯ ನಾಲ್ಕೈದು ಅಪಾರ್ಟ್‌ಮೆಂಟುಗಳ ಕನ್ನಡದ ಹೆಣ್ಣುಮಕ್ಕಳು ಸೇರಿ ಮಾಡಿಕೊಂಡ ಮಂಡಳಿ ನಮ್ಮದು. ಬೀದರ, ಕಲಬುರಗಿ, ರಾಯಚೂರು ಕಡೆಯವರೇ ಹೆಚ್ಚು. ನಾನು ಮನೆ, ದೇವರು ಎಂದು ಇರುವವಳು. ಆದರೆ ಆ ವರ್ಷ ಅಧ್ಯಕ್ಷೆಯವರ ಮೊಣಕಾಲು ನೋವು ಹೆಚ್ಚಾಗಿ, "ನೀ ಯಾರ ಮನಸ್ಸೂ ನೋಯಸೂದಿಲ್ಲವಾ, ನಿನ್ನ ಕೈಯಾಗ ಆಗ್ತೈತಿ" ಎಂದು ಮಂಗಲದ ಬಂದೋಬಸ್ತನ್ನೆಲ್ಲ ನನ್ನ ತಲೆಗೆ ಕಟ್ಟಿದರು. ಆ ಮಾತು ಕೇಳಿ ನನಗೆ ಖುಷಿಯಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಒಂದು ನೂರು ಹಾಳೆಯ ನೋಟ್‌ಬುಕ್ ತಂದು ಒಬ್ಬೊಬ್ಬರಿಗೆ ಒಂದು ಪುಟ ಕೊಟ್ಟೆ. ಸೆಕ್ರೆಟರಿಯ ಪುಟದಲ್ಲಿ ಅವರ ಕರಾರುಗಳು. ಪ್ರವಚನ ಹೇಳುವ ಗುರುಗಳಾದ ಅಜ್ಜಾರ ಪುಟದಲ್ಲಿ: ಹತ್ತಕ್ಕೆ ಶುರು, ಖಾರ ಕಡಿಮೆ, ಪಂಗತಿಯಲ್ಲಿ ಎಲ್ಲರ ಜೊತೆ ನೆಲಕ್ಕೇ ಕೂರುತ್ತಾರೆ, ಮೂರರ ಬಸ್ಸಿಗೆ ಬಿಡಬೇಕು. ಅಧ್ಯಕ್ಷೆಯವರದರಲ್ಲಿ: ಮೊದಲ ಸಾಲಿನಲ್ಲಿ ಕುರ್ಚಿ, ಆದರೆ "ಕುರ್ಚಿ" ಎಂದು ಎಲ್ಲರ ಮುಂದೆ ಹೇಳಬಾರದು. ಇನ್ನೊಂದು ಪುಟ ಸಾಹುಕಾರರ ಮನೆಯವರದು. ಅವರ ಯಜಮಾನರದು ಬೇಗಂ ಬಜಾರಿನಲ್ಲಿ ಕಿರಾಣಿಯ ಹೋಲ್‌ಸೇಲ್ ಅಂಗಡಿ. ದಾಸೋಹದ ಜೋಳ, ಬೇಳೆ, ಬೆಲ್ಲ ಎಲ್ಲವೂ ಅವರದೇ ಸೇವೆ. ಆ ಪುಟದಲ್ಲಿ: ಮೊದಲ ಆರತಿ ಅವರ ಕೈಯಿಂದ, ಬ್ಯಾನರಿನಲ್ಲಿ ಅತ್ತೆಯವರ ಹೆಸರು, ಬೆಲ್ಲದ ಬಗ್ಗೆ ಏನಾದರೂ ಹೊಗಳಬೇಕು.

ಒಬ್ಬರು ಇನ್ನೊಬ್ಬರ ಮೇಲೆ ಏನಂದರೂ ಅದು ನನ್ನಲ್ಲೇ ನಿಲ್ಲಬೇಕು, ಆಚೆಯವರಿಗೆ ಮುಟ್ಟಬಾರದು. ಇದೇ ನನ್ನ ಪದ್ಧತಿ. ಆ ಪದ್ಧತಿಯಿಂದ ಮೂರು ವಾರ ಎಲ್ಲರನ್ನೂ ನಗುನಗುತ್ತ ಇಟ್ಟಿದ್ದೆ.

ಗ್ಯಾಸ್ ಹೋಯಿತಲ್ಲ, ಅಂದೇ ಸಂಜೆ ಮಂಡಳಿಯವರನ್ನು ಸೇರಿಸಿದೆ. ಅನ್ನ, ಸಾರು, ಹುಗ್ಗಿಯನ್ನು ಹೊರಗೆ ಮಾಡಿಸಿ ತರಬಹುದು, ರೊಟ್ಟಿ? ನಮ್ಮ ಕಡೆಯ ಜಾತ್ರೆಗಳ ರೂಢಿಯನ್ನು ನೆನಪಿಸಿದವರು ಅಧ್ಯಕ್ಷೆಯವರೇ. "ಮನಿಮನಿ ರೊಟ್ಟಿ ಕೂಡಸರಿ. ಕಡಕ್ ಮಾಡಿ ಕೊಡ್ರಿ, ತಿಂಗಳ ಇಟ್ಟರೂ ಕೆಡೂದಿಲ್ಲ." ಮನೆಗೆ ಇಪ್ಪತ್ತು ರೊಟ್ಟಿ, ರವಿವಾರ ಸಂಜೆಯೊಳಗೆ ಮೂರನೇ ಮಹಡಿಯ ನನ್ನ ಮನೆಗೆ ತಂದು ಒಪ್ಪಿಸುವುದು ಎಂದು ನಿಶ್ಚಯವಾಯಿತು. ಇಪ್ಪತ್ತೆರಡು ಮನೆಯವರು ಒಪ್ಪಿದರು. ಆ ರಾತ್ರಿ ದೀಪದ ಮುಂದೆ ಕುಳಿತು ಎಂದಿನಂತೆ ದಿನದ ಮೂರು ಒಳ್ಳೆಯದನ್ನು ಎಣಿಸಿದೆ. ಗ್ಯಾಸ್ ಇಲ್ಲದೆಯೂ ದಾರಿ ಸಿಕ್ಕಿತು. ಯಾರೂ ಮುನಿಯಲಿಲ್ಲ. ಮೊಣಕಾಲಿನವರು ತಾವೇ ಮೆಟ್ಟಿಲು ಹತ್ತಿ ಬಂದರು.

ಮರುದಿನ ಗೇಟಿನ ಹತ್ತಿರ ಕೊತ್ತಂಬರಿ ಕೊಳ್ಳುವಾಗ ಆಕೆ ಸಿಕ್ಕಳು.

ಆಕೆ ಅಂದರೆ ಎದುರಿನ ರಸ್ತೆಯಾಚೆ ಏಳುತ್ತಿದ್ದ ಟವರಿನ ಕೆಲಸದವಳು. ಸೇಡಂ ಕಡೆಯ ಹಳ್ಳಿ. ಗಂಡ ಹೆಂಡತಿ ಇಬ್ಬರೂ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದರು. ಹಿಂದಿನ ವರ್ಷ ನಾನು ತರಕಾರಿಯವನ ಜೊತೆ ಕನ್ನಡದಲ್ಲೇ ಗೊಣಗುತ್ತಿದ್ದಾಗ, "ಅಕ್ಕಾರ, ನೀವು ನಮ್ಮ ಕಡೆಯವರಾ?" ಎಂದು ಇಟ್ಟಿಗೆಯ ಬುಟ್ಟಿ ಇಳಿಸಿ ನಿಂತವಳು. ಅಂದಿನಿಂದ ಮಾತು. ಚಳಿಗಾಲದಲ್ಲಿ ಅವಳ ಗಂಡ ಸೆಂಟ್ರಿಂಗ್ ಹಲಗೆಯಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡ. ಆಗ ನನ್ನ ಮನೆಯ ಮೆಟ್ಟಿಲ ಮೇಲೆ ಕೂತು, ನನ್ನ ದೇವರ ಮನೆಯ ಕಡೆ ಕೈ ಎತ್ತಿ, "ಅಂವ ತನ್ನ ಕಾಲ ಮ್ಯಾಲ ನಡದ್ರ ನೂರಾ ಒಂದ ಸಜ್ಜಿ ರೊಟ್ಟಿ ದಾಸೋಹಕ್ಕ ಕೊಡ್ತೀನಿ" ಎಂದು ಹರಕೆ ಹೊತ್ತಿದ್ದಳು. ನಾನೇ ಸಾಕ್ಷಿ. ಅವನು ನಡೆದ.

"ರೊಟ್ಟಿ ಕೂಡ್ಸಾಕತ್ತೀರಂತಲ್ರಿ ಅಕ್ಕಾರ. ನಮ್ಮದೂ ತಗೋತೀರಿ?"

"ತಗೊಳ್ಳದ ಏನವಾ? ನಿನ್ನ ಹರಕೆ ಐತಲ್ಲ."

"ಬ್ಯಾರೆ ಯಾರರ ಏನರ ಅಂದಾರೇನ್ರಿ?"

"ದೇವರ ಊಟಕ್ಕ ಯಾರೇನ ಅಂತಾರ? ತಗೊಂಡ ಬಾ."

ಇಷ್ಟು ಹೇಳುವುದಕ್ಕೆ ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಹೇಳಿ, ಕೊತ್ತಂಬರಿ ತಗೊಂಡು ಮೇಲೆ ಬಂದೆ. ಅವಳಿಗೆ ನೋಟ್‌ಬುಕ್ಕಿನಲ್ಲಿ ಪುಟ ಮಾಡಬೇಕೆಂದು ಹೊಳೆಯಲೇ ಇಲ್ಲ.

ರವಿವಾರ ಮಧ್ಯಾಹ್ನದಿಂದ ಮನೆ ತುಂಬ ರೊಟ್ಟಿಯ ಗಂಟುಗಳು. ಟವೆಲಿನಲ್ಲಿ ಕಟ್ಟಿದವು, ಸ್ಟೀಲ್ ಡಬ್ಬಿಯವು, ಒಬ್ಬರದು ಪಿಜ್ಜಾದ ಡಬ್ಬಿಯಲ್ಲಿ ಬಂದಿತ್ತು. ಹಾಲ್‌ನಲ್ಲಿ ಚಾಪೆ ಹಾಸಿ ಸಾಲಾಗಿ ಇಟ್ಟು, ಯಾವ ಮನೆಯದೆಂದು ಚೀಟಿ ಹಚ್ಚಿದೆ. ನಾಲ್ಕರ ಸುಮಾರಿಗೆ ಆಕೆ ಬಂದಳು. ಲಿಫ್ಟ್ ಬಿಟ್ಟು ಮೂರು ಮಹಡಿ ಹತ್ತಿದ್ದಳು. ತಲೆಯ ಮೇಲೆ ಹಳೆಯ ಸೀರೆಯಲ್ಲಿ ಕಟ್ಟಿದ ದೊಡ್ಡ ಗಂಟು. ಮಿಂದು, ಹಣೆಗೆ ವಿಭೂತಿ ಹಚ್ಚಿದ್ದಳು. ಗಂಟನ್ನು ಇಳಿಸಿ, ಒಂದು ಅಂಚು ಬಿಚ್ಚಿ ತೋರಿಸಿದಳು. ಎಳ್ಳು ಹಚ್ಚಿ ಬಡಿದ ಸಜ್ಜೆ ರೊಟ್ಟಿ, ಹಪ್ಪಳದಷ್ಟು ತೆಳು, ಒಂದಕ್ಕೊಂದು ಅಳೆದಿಟ್ಟ ಹಾಗೆ.

"ಶೆಡ್ಡಿನಾಗಿನ ಐದ ಮಂದಿ ಕೂಡಿ ಬಡದೀವ್ರಿ. ನೂರಾ ಒಂದ. ನಾನ ಎಣಿಸೀನಿ, ಅಂವನೂ ಎಣಿಸ್ಯಾನ. ನಾಳೆ ಅರ್ಧ ದಿನದ ಕೆಲಸ ಬಿಟ್ಟ ಬರ್ತೀನ್ರಿ, ಪಂಗತಿಗೆ ನೀರ ನೀಡೂ ಸೇವಾ ನನಗ ಕೊಡ್ರಿ."

ಕೊಟ್ಟೆ. ಆಕೆ ಹೋದ ಅರ್ಧ ಗಂಟೆಗೆ ಸಾಹುಕಾರರ ಮನೆಯವರು ಬೆಲ್ಲದ ಪೆಂಟಿ ಇಳಿಸಲು ಬಂದರು.

ಇವರ ಬಗ್ಗೆ ಕೆಟ್ಟದ್ದು ಬರೆಯಲು ನನಗೆ ಮನಸ್ಸಿಲ್ಲ. ಮದುವೆಯಾಗಿ ಈ ಊರಿಗೆ ಬಂದಾಗ ತೆಲುಗು ಬಾರದೆ, ಹಿಂದಿ ಬಾರದೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದ ನನ್ನನ್ನು ಕೈ ಹಿಡಿದು ಬಜಾರಿಗೆ ಕರೆದೊಯ್ದವರು ಅವರು. ನನ್ನ ಬಾಣಂತನದಲ್ಲಿ ನನ್ನ ತಾಯಿ ಬರುವವರೆಗೆ ಹನ್ನೊಂದು ದಿನ ಊಟದ ಡಬ್ಬಿ ಕಳಿಸಿದವರು. ಅವರು ಚಾಪೆಯ ಮೇಲಿನ ಗಂಟುಗಳನ್ನು ನೋಡುತ್ತ ಸೀರೆಯ ಗಂಟಿನ ಹತ್ತಿರ ನಿಂತರು.

"ಇದ್ಯಾರದ? ಚೀಟಿ ಇಲ್ಲ."

ಹೇಳಿದೆ.

"ಶೆಡ್ಡಿನವರದಾ?" ಎಂದು ಗಂಟಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. "ಅಲ್ಲವಾ, ಅಲ್ಲಿ ನೀರ ಹ್ಯಾಂಗಿರ್ತದೋ ಏನೋ. ಡ್ರಮ್ಮಿನಾಗಿನ ನೀರ ಅದು. ಸಣ್ಣ ಹುಡುಗರು ಉಣ್ಣವರು, ಅಜ್ಜಾರು ಉಣ್ಣವರು. ಮತ್ತ... ಯಾವ ಮಂದಿ ಅಂತನರ ಕೇಳೀಯಿಲ್ಲೋ?"

ನೀರಿನ ಮಾತು ಮೊದಲು ಬಂತು, ಮಂದಿಯ ಮಾತು ಆಮೇಲೆ ಬಂತು. ಯಾವುದು ನಿಜವಾದ ಮಾತು ಎಂದು ನನಗೆ ಗೊತ್ತಾಯಿತು. ಕೆಂಡದ ಮೇಲೆ ಕಡಕ್ಕಾದ ರೊಟ್ಟಿಯಲ್ಲಿ ನೀರೆಲ್ಲಿ ಉಳಿದಿರುತ್ತದೆ? ಅಷ್ಟನ್ನಾದರೂ ಹೇಳಬಹುದಿತ್ತು. "ನಾನು ತಗೊಂಡಾಗಿದೆ, ಅವಳ ಹರಕೆ ಇದೆ" ಎನ್ನಬಹುದಿತ್ತು. ನಾನು ಅಂದದ್ದು, "ನಾ ನೋಡ್ಕೋತೀನಿ ಬಿಡ್ರಿ ಅಕ್ಕಾರ."

"ಹೂಂ, ನೋಡ್ಕೊ. ಬೆಲ್ಲ ಒಂದ ಚೂರ ಬಾಯಾಗ ಹಾಕ್ಕೊಂಡ ನೋಡು, ಹೊಸದು."

ಬೆಲ್ಲ ತಿಂದೆ. ಭಾಳ ಚಲೋ ಐತ್ರಿ ಎಂದೆ.

ಬಚ್ಚಿಡು ಎಂದು ಅವರು ಹೇಳಲಿಲ್ಲ. ಯಾರೂ ಹೇಳಲಿಲ್ಲ. ಅವರು ಕೆಳಗಿಳಿದ ಮೇಲೆ ಇಬ್ಬರು ಗೆಳತಿಯರಿಗೆ ಫೋನ್ ಮಾಡಿ, ಲೆಕ್ಕ ಸ್ವಲ್ಪ ತಪ್ಪಿದೆ, ಐವತ್ತೈವತ್ತು ರೊಟ್ಟಿ ಹೆಚ್ಚಿಗೆ ಬೇಕು ಎಂದೆ. ಪಾಪ, ಅವರು ಒಲೆಯ ಮುಂದಿನಿಂದ ಎದ್ದಿರಲೇ ಇಲ್ಲ, ಹೂಂ ಎಂದರು. ಆಮೇಲೆ ಸ್ಟೂಲ್ ಹಾಕಿಕೊಂಡು ಹತ್ತಿ, ಆ ಗಂಟನ್ನು ಮಲಗುವ ಕೋಣೆಯ ಅಟ್ಟದ ಮೇಲೆ, ಚಳಿಗಾಲದ ರಜಾಯಿಗಳ ಪಕ್ಕಕ್ಕಿಟ್ಟು ಪರದೆ ಎಳೆದೆ. ಸಾಹುಕಾರರ ಮನೆಯವರಿಗೂ ಸಮಾಧಾನ, ಆಕೆಗೂ ಗೊತ್ತಾಗುವುದಿಲ್ಲ. ಐದಾರು ನೂರು ರೊಟ್ಟಿಗಳಲ್ಲಿ ಯಾವುದು ಯಾರದೆಂದು ಯಾರು ನೋಡುತ್ತಾರೆ? ರೊಟ್ಟಿ ಕಡಿಮೆ ಬಿದ್ದರೆ ತಂದರಾಯಿತು ಎಂದೂ ಅಂದುಕೊಂಡೆ. ಕಡಿಮೆ ಬೀಳದ ಹಾಗೆ ನೋಡಿಕೊಂಡವಳೂ ನಾನೇ.

ಸೋಮವಾರ ಎಲ್ಲ ಗಡಿಯಾರ ಹಿಡಿದಂತೆ ನಡೆಯಿತು. ಹತ್ತಕ್ಕೆ ಪೂಜೆ. ಮೊದಲ ಆರತಿ ಸಾಹುಕಾರರ ಮನೆಯವರದು. ಮೈಕ್ ಎಷ್ಟು ಸಣ್ಣಗಿತ್ತೆಂದರೆ ಕೋಚಿಂಗ್ ಹುಡುಗಿಯ ತಾಯಿ ತಾನೇ ಕೆಳಗೆ ಬಂದು ಹಿಂದೆ ಕುಳಿತು ಕೇಳಿದಳು. ಅಧ್ಯಕ್ಷೆಯವರ ಕುರ್ಚಿ ಕಂಬದ ಮರೆಯಲ್ಲಿ ಯಾರ ಗಮನಕ್ಕೂ ಬಾರದಂತೆ ಬಂತು. ಕರೆಂಟ್ ಹೋಗಲಿಲ್ಲ. ಅಜ್ಜಾರು ಅಂದು ಆರಿಸಿಕೊಂಡ ವಿಷಯ ದಾಸೋಹ. ನಾನು ಕೇಳಲಿಲ್ಲ, ಸಾರಿನ ಪಾತ್ರೆ ಬಂತೇ ಎಂದು ಗೇಟಿಗೆ ಓಡಾಡುತ್ತಿದ್ದೆ.

ಹನ್ನೆರಡೂವರೆಗೆ ಪಂಗತಿ ಕುಳಿತಿತು. ಅಜ್ಜಾರು ಸಾಲಿನ ನಡುವೆ ಮಕ್ಕಳ ಪಕ್ಕ ಕುಳಿತರು. ನಾನು ರೊಟ್ಟಿಯ ಬುಟ್ಟಿ ಹಿಡಿದಿದ್ದೆ. ಆಕೆ ಸೆರಗು ಸಿಕ್ಕಿಸಿಕೊಂಡು ತಂಬಿಗೆಯಿಂದ ಲೋಟಗಳಿಗೆ ನೀರು ಹಾಕುತ್ತ ಸಾಲಿನ ಆ ತುದಿಯಿಂದ ಬರುತ್ತಿದ್ದಳು. ಶೆಡ್ಡಿನವಳು ಇವಳೇ ಎಂದು ಸಾಹುಕಾರರ ಮನೆಯವರಿಗೆ ಗುರುತಿರಲಿಲ್ಲ. ಒಂದೊಂದು ಎಲೆಯ ಮುಂದೆ ಬಗ್ಗಿದಾಗಲೂ ಎಲೆಯನ್ನು ನೋಡುತ್ತಿದ್ದಳು. ತಾನು ಬಡಿದ ರೊಟ್ಟಿಯನ್ನು ಹುಡುಕುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಜೋಳದ ರೊಟ್ಟಿಗಳ ನಡುವೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಒಂದಿದ್ದರೂ ದೂರದಿಂದ ಕಾಣುತ್ತದೆ. ರೊಟ್ಟಿ ತಿಂದೇ ಬೆಳೆದ ನನ್ನಂಥವಳಿಗೆ ಇದು ಹಿಂದಿನ ದಿನ ಹೊಳೆಯಲಿಲ್ಲ.

ಅಜ್ಜಾರ ಮುಂದೆ ಬಂದೆ. ಅವರು ರೊಟ್ಟಿ ಮುರಿದು ತಲೆ ಎತ್ತಿದರು.

"ಸಜ್ಜಿ ರೊಟ್ಟಿ ಇಲ್ಲೇನ ತಾಯಿ? ಶ್ರಾವಣದಾಗ ನಮ್ಮ ಕಡೆ ಸಜ್ಜಿ ರೊಟ್ಟಿ ಇಲ್ಲದ ದಾಸೋಹನ ಇಲ್ಲ."

ಅವರ ಆಚೆಗೆ ಎರಡನೇ ಎಲೆಯಲ್ಲಿ ಸಾಹುಕಾರರ ಮನೆಯವರು. ಈಚೆಗೆ, ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ, ತಂಬಿಗೆ ಹಿಡಿದು ಆಕೆ.

"ಇಲ್ರಿ ಅಜ್ಜಾರ. ಈ ಸಲ ಯಾರೂ ತಂದಿಲ್ರಿ."

ಅಜ್ಜಾರು "ಇರಲಿ ಬಿಡು" ಎಂದು ಉಣ್ಣತೊಡಗಿದರು. ಆಕೆ ಅವರ ಲೋಟಕ್ಕೆ ನೀರು ಹಾಕಿದಳು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಮುಂದಿನ ಲೋಟ, ಅದರ ಮುಂದಿನ ಲೋಟ. ಮೂರು ಪಂಗತಿ ಏಳುವವರೆಗೂ ನೀರು ಹಾಕಿದಳು. ಕೊನೆಗೆ ತಂಬಿಗೆಯನ್ನು ತೊಳೆದು ಬೋರಲು ಇಟ್ಟು, ಊಟಕ್ಕೆ ಕೂರದೆ, ಯಾರಿಗೂ ಹೇಳದೆ ಹೋದಳು.

ಎರಡೂ ಮುಕ್ಕಾಲಿಗೆ ಹಾಲ್ ಖಾಲಿ. ಸೆಕ್ರೆಟರಿ "ಚಾಲಾ ಬಾಗಾ ಚೇಶಾರು ಮೇಡಂಗಾರು" ಎಂದು ಹೊಗಳಿದರು. ಅಧ್ಯಕ್ಷೆಯವರು ಎಲ್ಲರ ಮುಂದೆ ನನ್ನ ತಲೆ ನೇವರಿಸಿದರು. ಸಂಜೆ ದೀಪ ಹಚ್ಚಿ ಕುಳಿತೆ, ಎಣಿಸಲು. ಕರೆಂಟ್ ಹೋಗಲಿಲ್ಲ ಎಂಬಲ್ಲಿಗೆ ನಿಂತುಹೋಯಿತು. ಗುರುವಿಗೆ ಸುಳ್ಳು ಹೇಳಿದ್ದೆ. ಅದಕ್ಕಿಂತ ಹೆಚ್ಚಾಗಿ, ಅವಳ ಹರಕೆ ಮುಟ್ಟಿರಲಿಲ್ಲ. ಗಂಡನ ಕಾಲಿಗಾಗಿ ಹೊತ್ತದ್ದು. ನಾನೂ ಹರಕೆ ಹೊತ್ತವಳೇ. ನನ್ನ ಮಗಳ ಜ್ವರಕ್ಕೆ ಹೊತ್ತದ್ದನ್ನು ಒಂದು ವಾರ ತಡ ಮಾಡಿದ್ದಕ್ಕೆ ನಿದ್ದೆ ಬರದೆ ಹೊರಳಾಡಿದವಳು. ಮತ್ತೊಬ್ಬಳ ಹರಕೆಯನ್ನು ರಜಾಯಿಗಳ ಪಕ್ಕ ಇಟ್ಟುಕೊಂಡು ಮಲಗಿದ್ದೆ.

ಮಂಗಳವಾರ ಬಾಲ್ಕನಿಯಿಂದ ನೋಡಿದೆ. ಆಕೆ ಇಟ್ಟಿಗೆ ಹೊರುತ್ತಿದ್ದಳು. ಒಮ್ಮೆಯೂ ಈ ಕಡೆ ತಲೆ ಎತ್ತಲಿಲ್ಲ. ಬುಧವಾರ ಅಧ್ಯಕ್ಷೆಯವರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ.

"ಬಿಡವಾ, ಆದದ್ದಾತು," ಎಂದರು. "ಒಂದ ಸೀರಿ ಉಡಿಸಿ ಕಳಿಸು, ಸರಿ ಹೋಗ್ತದ." ಫೋನ್ ಇಡುವ ಮುಂಚೆ, "ಸಾಹುಕಾರರ ಮನೆಯವರಿಗೆ ಮಾತ್ರ ಈ ಮಾತ ಮುಟ್ಟಿಸಬ್ಯಾಡ" ಎಂದರು. ಅದು ನನ್ನದೇ ಪದ್ಧತಿ. ಇನ್ನೊಬ್ಬರ ಬಾಯಿಂದ ಕೇಳಿದಾಗ ಬೇರೆಯೇ ಅನಿಸಿತು.

ಸೀರೆಯನ್ನು ಬೀರುವಿನಿಂದ ತೆಗೆದು ಹಾಸಿಗೆಯ ಮೇಲಿಟ್ಟೆ. ತಪ್ಪು ಒಪ್ಪಿಕೊಂಡು ಅವಳ ಮುಂದೆ ನಿಲ್ಲುವುದೋ, ಸೀರೆ ಕೊಟ್ಟು ಮಾತು ಮುಗಿಸುವುದೋ. ಸೀರೆ ಕೊಟ್ಟರೆ ಅವಳು ತಗೊಳ್ಳಬಹುದು, ನಗಲೂಬಹುದು. ಆದರೆ ಹರಕೆ? ಸೀರೆಯನ್ನು ಮಡಿಚಿ ಒಳಗಿಟ್ಟೆ. ಈ ಒಂದನ್ನು ಸರಿಯಾಗಿ ನಿರ್ಧರಿಸಿದೆ ಎಂದುಕೊಳ್ಳುತ್ತೇನೆ. ಅಷ್ಟು ಸಾಕಾಗುವುದಿಲ್ಲ, ಗೊತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ಕರುಮ್ ಎಂಬ ಸದ್ದು. ಆಫೀಸಿನಿಂದ ಬಂದ ನಮ್ಮ ಮನೆಯವರು ಚಹಾದ ಕಪ್ಪು ಹಿಡಿದು ನಿಂತಿದ್ದಾರೆ. ಕೈಯಲ್ಲಿ ಎಳ್ಳು ಹಚ್ಚಿದ ರೊಟ್ಟಿಯ ಚೂರು.

"ಎಲ್ಲಿಂದ ತಗದ್ರಿ ಅದನ್ನ?"

"ನೀ ಫೋನಿನಾಗ ಇದ್ದಾಗ ಸೂಟ್‌ಕೇಸ್ ಇಳಸಾಕ ಹತ್ತಿದ್ದೆ, ಗಂಟ ಕಂಡ್ತು. ಭಾರಿ ಅದಾವಲ್ಲ. ನೀ ಯಾವಾಗ ಕಲತಿ ಇಷ್ಟ ತೆಳ್ಳಗ ಬಡಿಯೂದು?"

"ಎಷ್ಟ ತಿಂದ್ರಿ?"

"ಎರಡ. ಯಾಕ, ರೊಟ್ಟಿ ತಿಂದಿದ್ದಕ್ಕ ಪೊಲೀಸ್ ಕೇಸ್ ಐತೇನು?"

ನಾನು ಅಲ್ಲೇ ನೆಲಕ್ಕೆ ಕುಳಿತು ಅತ್ತುಬಿಟ್ಟೆ. ಅವರು ಗಾಬರಿಯಾಗಿ ಉಳಿದ ಚೂರನ್ನು ತಿರುಗಿ ತಾಟಿನಲ್ಲಿಟ್ಟರು.

ಗುರುವಾರ ಒಂದು ಗಂಟೆಗೆ, ಅವರ ಊಟದ ವೇಳೆಗೆ, ರಸ್ತೆ ದಾಟಿ ಹೋದೆ. ಅಷ್ಟು ತಿಂಗಳು ಎದುರಿಗಿದ್ದರೂ ನಾನು ಆ ಗೇಟಿನ ಒಳಗೆ ಕಾಲಿಟ್ಟಿದ್ದು ಅಂದೇ ಮೊದಲು. ಆಕೆ ಸಿಮೆಂಟಿನ ಚೀಲಗಳ ನೆರಳಲ್ಲಿ ಡಬ್ಬಿ ಬಿಚ್ಚಿ ಕುಳಿತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಆ ಎದ್ದು ನಿಂತದ್ದೇ ನನಗೆ ಚುಚ್ಚಿತು.

"ಊಟ ಆತೇನ್ರಿ?"

"ನಿನ್ನ ರೊಟ್ಟಿ ನನ್ನ ಮನ್ಯಾಗ ಅದಾವ," ಎಂದೆ. "ಅಟ್ಟದ ಮ್ಯಾಲ. ಪಂಗತಿಗೆ ನಾ ಒಯ್ಯಲಿಲ್ಲ."

ಆಕೆ ಡಬ್ಬಿಯ ಮುಚ್ಚಳ ಹಾಕಿದಳು. "ಅವರು ಬ್ಯಾಡ ಅಂದ್ರೋ, ನೀವು ಬ್ಯಾಡ ಅಂದ್ರೋ?"

ರಸ್ತೆ ದಾಟುವಾಗ ಇದಕ್ಕೆ ನಾಲ್ಕು ಉತ್ತರ ಕಟ್ಟಿಕೊಂಡಿದ್ದೆ. ನಾಲ್ಕನ್ನೂ ಬಿಟ್ಟೆ.

"ಒಬ್ಬರು ಒಂದ ಮಾತ ಅಂದ್ರು. ಬಚ್ಚಿಟ್ಟಾಕಿ ನಾನ."

"ಬ್ಯಾಡ ಅನ್ನಿಸಿಕೊಳ್ಳೂದು ನಮಗ ಹೊಸದಲ್ರಿ ಅಕ್ಕಾರ. ರವಿವಾರನ ಒಂದ ಮಾತ ಹೇಳಿದ್ರ ಊರಿಗೆ ಹೋಗೂ ಲಾರಿಗೆ ಹಾಕಿ ನಮ್ಮ ಗುಡಿಗೆ ಕಳಸ್ತಿದ್ದೆ. ತಗೊಂಡ ಬಾ ಅಂದವರೂ ನೀವ, ಯಾರೂ ತಂದಿಲ್ಲ ಅಂದವರೂ ನೀವ." ಅವಳ ದನಿ ಏರಲಿಲ್ಲ. "ನಾ ಅಲ್ಲೇ ನಿಂತಿದ್ನಲ್ರಿ. ನಾ ಯಾರೂ ಅಲ್ಲೇನು?"

ನಾನು ಕೈ ಮುಗಿದೆ. ಆಕೆ, "ಅದನ್ನ ಮಾಡಬ್ಯಾಡ್ರಿ, ಮಂದಿ ನೋಡ್ತಾರ" ಎಂದು ಕೈ ಇಳಿಸಿದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.

"ನೂರಾ ಒಂದೂ ಅದಾವಿಲ್ರಿ?"

"ತೊಂಬತ್ತೊಂಬತ್ತ."

"ಮತ್ತ ಎರಡ?"

"ನಮ್ಮ ಮನಿಯವರು... ಗೊತ್ತಿಲ್ಲದ ಚಾದಾಗ ಅದ್ದಿ ತಿಂದ್ರು."

ಆಕೆ ನನ್ನ ಮುಖ ನೋಡಿದಳು. ಬಾಯಿಗೆ ಸೆರಗು ಅಡ್ಡ ಹಿಡಿದಳು. ಭುಜ ಕುಲುಕಿದ್ದು ನೋಡಿ ಅಳುತ್ತಿದ್ದಾಳೆ ಎಂದುಕೊಂಡೆ, ನಗುತ್ತಿದ್ದಳು. "ಹಂಗಾರ ಮೊದಲನೇ ಪಂಗತಿ ನಿಮ್ಮ ಮನ್ಯಾಗ ಆಗ್ಯದ ಅನ್ರಿ!" ಆಮೇಲೆ ಮತ್ತೆ ಗಟ್ಟಿಯಾದಳು. "ರವಿವಾರ ಮಧ್ಯಾಹ್ನ ನಮಗ ಸೂಟಿ. ರೊಟ್ಟಿ ತಗೊಂಡ ಬರ್ರಿ. ನಿಮ್ಮ ಹಾಲ್ ಬ್ಯಾಡ, ಇಲ್ಲೇ ಹರಕೆ ಮುಟ್ಟಿಸ್ತೀನಿ. ಎರಡ ಕಡಿಮಿ ಬಿದ್ದಾವಲ್ಲ, ಅವನ್ನ ನೀವ ಇಲ್ಲಿ ಕುಂತ ಬಡೀಬೇಕು. ನಮ್ಮ ಒಲಿ ಮ್ಯಾಲ, ನಮ್ಮ ನೀರಾಗ."

ರವಿವಾರ ನಾನು ಆ ಗಂಟನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲಿಳಿದೆ. ಲಿಫ್ಟ್ ಇತ್ತು. ಗೇಟಿನಲ್ಲಿ ಸೆಕ್ರೆಟರಿ, "ಏಮಿಟಿದಿ ಮೇಡಂಗಾರು?" ಎಂದರು. ಏನಿದು ಎಂದು ಎರಡು ವಾಕ್ಯದಲ್ಲಿ ತಿಳಿಸುವಷ್ಟು ತೆಲುಗು ನನಗೆ ಬರುತ್ತದೆ, ಧೈರ್ಯ ಬರಲಿಲ್ಲ. "ರೊಟ್ಟೆಲು" ಎಂದಷ್ಟೇ ಹೇಳಿ ದಾಟಿದೆ.

ಶೆಡ್ಡಿನ ಒಳಗೆ ಪ್ಲೈವುಡ್ಡಿನ ತುಂಡಿನ ಮೇಲೆ ದೇವರ ಪಟ, ಊದಿನಕಡ್ಡಿ, ಎರಡು ಕಣಗಿಲೆ ಹೂವು. ಹೊರಗೆ ಮೂರು ಇಟ್ಟಿಗೆಯ ಒಲೆ. ಆಕೆಯ ಗಂಡ ಬಾಗಿಲ ಬಳಿ ಸ್ವಲ್ಪ ಕುಂಟುತ್ತ ನಡೆದು ಬಂದು, "ಬರ್ರಿ ಅಕ್ಕಾರ" ಎಂದ. ಆ ನಡಿಗೆಯನ್ನು ನೋಡುವುದು ಅಂದು ನನಗೆ ಸುಲಭವಾಗಲಿಲ್ಲ.

ಹಿಟ್ಟು, ಬಿಸಿನೀರು ಮುಂದಿಟ್ಟರು. ನೀಲಿ ಡ್ರಮ್ಮಿನ ನೀರು. ನಾದಿ, ಹಲಗೆಯ ಮೇಲೆ ಬಡಿಯಲು ಹೊರಟರೆ ಸಜ್ಜೆಯ ಹಿಟ್ಟು ನನ್ನ ಕೈಗೆ ಒಗ್ಗಲಿಲ್ಲ. ಅಂಚು ಸೀಳುತ್ತ ಹೋಯಿತು. ಸುತ್ತ ನಿಂತ ಹೆಂಗಸರಿಗೆಲ್ಲ ತಮಾಷೆ.

"ಅಕ್ಕಾರ ಕೈ ಗ್ಯಾಸಿಗೆ ಬಗ್ಗ್ಯದ ಬಿಡ್ರಿ!"

"ಇದು ರೊಟ್ಟಿ ಅಲ್ಲವಾ, ಯಾದಗಿರಿ ಜಿಲ್ಲಾದ ನಕಾಶಾ ಇದು."

"ಸುಮ್ಮಿರ್ರೇ," ಎಂದಳು ಆಕೆ. "ಎಳ್ಳ ಹಚ್ಚರಿ ಅಕ್ಕಾರ, ಒತ್ತಿ ಹಚ್ಚರಿ. ಹಾಂ. ಇನ್ನೊಂದ."

ಹೊಗೆಗೆ ಕಣ್ಣು ಉರಿಯಿತು. ಎರಡೂ ಕಡಕ್ಕಾಗುವವರೆಗೆ ಕೆಂಡದ ಪಕ್ಕ ನಿಲ್ಲಿಸಿ ಕಾದೆ. ಒಂದರ ಅಂಚು ಸೀಳಿತ್ತು, ಇನ್ನೊಂದರ ನಡುವೆ ಕರಿಯ ಕಲೆ. ಆಕೆ ಎರಡನ್ನೂ ತೊಂಬತ್ತೊಂಬತ್ತರ ಮೇಲಿಟ್ಟು, ಎಣಿಸಿ, ಪಟದ ಮುಂದೆ ಒಯ್ದು ಅಡ್ಡಬಿದ್ದಳು. ನಾನೂ ಬಿದ್ದೆ. ಏನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ.

ಸಾಹುಕಾರರ ಮನೆಯವರಿಗೆ ಇದನ್ನು ನಾನು ಇನ್ನೂ ಹೇಳಿಲ್ಲ. ಅವರು ಸಿಕ್ಕಾಗೆಲ್ಲ ಮಂಗಲದ ದಿನವನ್ನು ಹೊಗಳುತ್ತಾರೆ, ನಾನು ಅವರ ಬೆಲ್ಲವನ್ನು ಹೊಗಳುತ್ತೇನೆ. ಇದನ್ನು ಓದಿ ತಿಳಿದರೆ ತಿಳಿಯಲಿ. ಅನ್ನಬೇಕಾದ ಹೊತ್ತಿಗೆ ಅನ್ನದೆ ಕಾಗದದ ಮೇಲೆ ಅಂದೆನೆಂದು ಅವರು ಬೈದರೆ ಅದೂ ಸರಿಯೇ.

ಪಂಗತಿ ಕುಳಿತಿತು. ತಗಡಿನ ನೆರಳಲ್ಲಿ ಮೂವತ್ತು ಮಂದಿ: ಸೇಡಂನವರು, ಯಾದಗಿರಿಯವರು, ಪಾಲಮೂರಿನ ತೆಲುಗರು, ಬಿಹಾರದ ಇಬ್ಬರು ವೆಲ್ಡರ್‌ಗಳು. ಪುಂಡಿ ಪಲ್ಯ, ಶೇಂಗಾ ಹಿಂಡಿ. ಆಕೆ ನನ್ನ ಕೈಗೆ ತಂಬಿಗೆ ಕೊಟ್ಟು, "ನೀರಿನ ಸೇವಾ ನಿಮ್ಮದು" ಎಂದು ರೊಟ್ಟಿಯ ಬುಟ್ಟಿ ತಾನು ಎತ್ತಿಕೊಂಡಳು. ನಾನು ಒಂದೊಂದು ತಾಟಿನ ಮುಂದೆ ಬಗ್ಗುತ್ತ ನೀರು ಹಾಕುತ್ತ ಹೋದೆ. ಎರಡು ಕಡೆ ಚೆಲ್ಲಿತು. ಪ್ರತಿ ತಾಟನ್ನೂ ನೋಡುತ್ತಿದ್ದೆ. ನೋಡದಿರಲು ಆಗುವುದಿಲ್ಲ ಎಂದು ಅಂದು ಗೊತ್ತಾಯಿತು.

ನಾಲ್ಕನೆಯ ತಾಟಿನಲ್ಲಿ ಅಂಚು ಸೀಳಿದ ನನ್ನ ರೊಟ್ಟಿ ಇತ್ತು. ಅದು ವೆಲ್ಡರ್‌ಗಳಲ್ಲಿ ಒಬ್ಬನಿಗೆ ಬಂದಿತ್ತು. ಅವನು ಅದನ್ನು ಒಮ್ಮೆ ತಿರುಗಿಸಿ ನೋಡಿದ. ಉಳಿದವುಗಳಂತಿಲ್ಲ ಎಂದು ಅವನಿಗೂ ಕಂಡಿರಬೇಕು. ನಾನು ತಂಬಿಗೆ ಹಿಡಿದು ನಿಂತೆ. ಯಾರು ಮಾಡಿದ್ದು ಎಂದು ಅವನು ಕೇಳಲಿಲ್ಲ. ಮುರಿದು, ಪುಂಡಿ ಪಲ್ಯ ಹಚ್ಚಿಕೊಂಡು, ಬಾಯಿಗೆ ಇಟ್ಟ.